ಸಾಹೇಬರ ಹಿಂದೆ ಐದು ಸುತ್ತು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕಚೇರಿಯ ಬೋರ್ಡು ಬದಲಾಗಿತ್ತು, ಮೊಹರು ಬದಲಾಗಿತ್ತು, ಉರ್ದುವಿನಲ್ಲಿ ಬರೆದು ತಲೆ ಹಣ್ಣಾದ ಗುಮಾಸ್ತರು ಕನ್ನಡ ಅಕ್ಷರ ತಿದ್ದುತ್ತ ಕೂತಿದ್ದರು. ಬದಲಾಗದೆ ಉಳಿದವರು ಕಚೇರಿಯ ಮುಖ್ಯಸ್ಥ ದತ್ತಾತ್ರಿ ಸಾಹೇಬರೊಬ್ಬರೇ. ಇದನ್ನು ನೆನೆದಾಗಲೆಲ್ಲ ನರಸಿಂಗನ ಬಾಯಿ ಕಹಿಯಾಗುತ್ತಿತ್ತು.

ನರಸಿಂಗ ಆ ಕಚೇರಿಯ ಟಪಾಲು ಸವಾರ. ಮಿಲಿಟರಿಯವರು ಬಿಟ್ಟುಹೋದ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ ಬೀದರದಿಂದ ಭಾಲ್ಕಿಗೆ, ಭಾಲ್ಕಿಯಿಂದ ಔರಾದಕ್ಕೆ ಕಾಗದದ ಚೀಲ ಹೊತ್ತು ಏಳು ವರ್ಷದಿಂದ ತಿರುಗುತ್ತಿದ್ದ. ಏಳು ವರ್ಷವೂ ಹಂಗಾಮಿ. ಈಗ ಹೊಸ ಸರ್ಕಾರದ ಹುಕುಂ ಬಂದಿತ್ತು: ಜಿಲ್ಲೆಗೆ ಒಬ್ಬನೇ ಕಾಯಂ ಸವಾರ, ಉಳಿದವರು ಯುಗಾದಿಗೆ ಮನೆಗೆ. ಪರೀಕ್ಷೆ ಊರ ಹೊರಗಿನ ಹಳೆಯ ವಿಮಾನ ಮೈದಾನದಲ್ಲಿ. ಎರಡು ತುದಿಗೂ ಡಾಂಬರಿನ ಡ್ರಮ್ಮು ಇಟ್ಟು ಅವುಗಳ ಸುತ್ತ ಐದು ಸುತ್ತು ಹೊಡೆಯಬೇಕು. ಒಂದು ಸುತ್ತಾದರೂ ನೂರು ಸೆಕೆಂಡಿನೊಳಗೆ ಮುಗಿಯಬೇಕು. ಮುಂದಿನವನನ್ನು ಹಿಂದೆ ಹಾಕುವುದಾದರೆ ನೇರ ದಾರಿಯಲ್ಲಿ, ಹಾರ್ನ್ ಹೊಡೆದು, ಬಲಗಡೆಯಿಂದ. ಡ್ರಮ್ಮಿನ ತಿರುವಿನಲ್ಲಿ ನುಗ್ಗಿದವನು ಆಟದಿಂದಲೇ ಹೊರಗೆ.

ಗಾಂಧಿ ಗಂಜಿನಲ್ಲಿ ಲಾರಿ ರಿಪೇರಿ ಮಾಡುವ ಅಮೀರ ಪಾಶಾ ನರಸಿಂಗನ ಗೆಳೆಯ. ಗಾಡಿಯನ್ನು ಅವನ ಮುಂದೆ ತಂದು ನಿಲ್ಲಿಸಿ ನರಸಿಂಗ ಹೇಳಿದ, “ನನ್ನ ಜೋಡಿ ಪರೀಕ್ಷಾಕ್ಕ ಇಳಿಯೋ ಗೋರಖನಾಥ, ಮಕ್ಸೂದ ಇಬ್ರೂ ಮುಂದಿನ ಚೈನ ಚಕ್ರ ಹತ್ತೊಂಬತ್ತ ಹಲ್ಲಿಂದು ಹಾಕ್ಸ್ಯಾರ. ಭಾಳ ಜೋರ ಓಡ್ತದಂತ.”

“ಹೈದರಾಬಾದ ತನಕ ಸೀದಾ ರಸ್ತಾ ಇದ್ರ ಓಡ್ತದ,” ಎಂದು ಅಮೀರ ಪಾಶಾ ನಕ್ಕ. “ಇಲ್ಲಿ ಡ್ರಮ್ಮಿಗೆ ಬಂದು ನಿಂತಂಗ ಆಗಬೇಕು, ಮತ್ತ ಏಳಬೇಕು. ಅವರ ಗಾಡಿ ಏಳೂದ್ರಾಗ ಅರ್ಧಾ ದಾರಿ ಖತಂ. ನಿನಗ ಹದಿನಾರ ಹಲ್ಲು ಹಾಕ್ತೇನಿ. ಕಡೀ ಸ್ಪೀಡ ಕಮ್ಮಿ ಆಗ್ತದ, ಆಗ್ಲಿ. ತಿರುವು ದಾಟಿದ ಕೂಡ್ಲೆ ಗಾಡಿ ಕಿತ್ಕೊಂಡು ಹೋಗ್ತದ. ಅಲ್ಲೇ ಹಿಂದ ಹಾಕು. ತಿರುವಿನಾಗ ಮಾತ್ರ ಹುಚ್ಚಾಟ ಮಾಡಬ್ಯಾಡ.”

ಹದಿನಾರು ಹಲ್ಲಿನ ಚಕ್ರ ಇಡೀ ಬೀದರದಲ್ಲಿ ಸಿಗಲಿಲ್ಲ. ಅಮೀರ ಪಾಶಾ ಗುಜರಿಯ ಕಬ್ಬಿಣ ತಂದು ಮೂರು ದಿನ ಅರ ಹಿಡಿದು ಕೂತ, ಒಂದೊಂದೇ ಹಲ್ಲು ಕೊರೆದ, ಚೈನಿನ ಕೊಂಡಿ ಕಳಚಿ ಗಿಡ್ಡ ಮಾಡಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆ ಇಬ್ಬರೂ ಮೈದಾನಕ್ಕೆ ಹೋಗಿ ನೋಡಿದಾಗ ಒಂದು ಸುತ್ತು ತೊಂಬತ್ತಮೂರು ಸೆಕೆಂಡಿಗೆ ಮುಗಿಯಿತು. “ನೌಕ್ರಿ ನಿಂದು,” ಎಂದು ಅಮೀರ ಪಾಶಾ ಅವನ ಬೆನ್ನಿಗೆ ಗುದ್ದಿದ.

ಪರೀಕ್ಷೆಯ ದಿನ ದತ್ತಾತ್ರಿ ಸಾಹೇಬರು ಕೋಟು ತೊಟ್ಟು, ಬಾಯಿ ತುಂಬ ಪಾನು ತುಂಬಿಕೊಂಡು, ಫಳಫಳ ಹೊಳೆಯುವ ತಮ್ಮ ಹೊಸ ಮೋಟಾರ್ ಸೈಕಲ್ಲಿನ ಮೇಲೆ ಬಂದಿಳಿದರು. “ನಮ್ಮ ಹುಡುಗರ ಜೋಡಿ ನಾನೂ ಐದು ಸುತ್ತು ಬರ್ತೇನಿ. ಅವರಿಗೂ ಹುರುಪು ಬರ್ತದ,” ಎಂದರು.

ಗಡಿಯಾರ ಹಿಡಿದು ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ತಬ್ಬಿಬ್ಬಾದ. “ತಮ್ಮ ಹೆಸರು ಪಟ್ಟಿಯಲ್ಲಿ ಇಲ್ವಲ್ಲ ಸಾರ್?”

“ಪಟ್ಟಿ ಬರದಾವ ನಾನೇ ಇದ್ದೇನ್ರಿ.”

ಗುಮಾಸ್ತರೆಲ್ಲ ಹಲ್ಲುಗಿಂಜಿದರು. ಅಧಿಕಾರಿ ಸವಾರರ ಕಡೆ ತಿರುಗಿ, “ಸಾಹೇಬರು ನಿಧಾನ ಹೋದ್ರೆ ನೀವು ಹಿಂದೆ ಹಾಕಿ ಹೋಗಿ. ಸಂಕೋಚ ಬೇಡ,” ಎಂದ. ಮೂವರೂ ತಲೆಯಾಡಿಸಿದರು.

ತಲೆಯಾಡಿಸಿದರೇನು? ಸಾಹೇಬರ ಗಾಡಿಯನ್ನು ಹಿಂದೆ ಹಾಕಿದವನು ಆ ಕಚೇರಿಯಲ್ಲಿ ಇದುವರೆಗೆ ಹುಟ್ಟಿರಲಿಲ್ಲ. ಹಾಕಬೇಡ ಎಂದು ಯಾರೂ ಹೇಳಿದ್ದಿಲ್ಲ, ಎಲ್ಲೂ ಬರೆದಿಟ್ಟಿದ್ದಿಲ್ಲ. ಒಮ್ಮೆ ಭಾಲ್ಕಿಯಿಂದ ಬೀದರದ ತನಕ ಅವರ ಜೀಪಿನ ಧೂಳು ಕುಡಿಯುತ್ತ ಬಂದು ನರಸಿಂಗ ಎಂಟು ದಿನ ಕೆಮ್ಮಿದ್ದ.

ನಿಶಾನೆ ಬೀಸಿದ ಮೇಲೆ ನಡೆದದ್ದನ್ನು ಹೇಳುವುದಕ್ಕೂ ನಾಚಿಕೆಯಾಗಬೇಕು. ವಿಮಾನ ಇಳಿಯುವಷ್ಟು ಅಗಲದ ಮೈದಾನ. ಅದರ ನಟ್ಟನಡುವೆ ಸಾಹೇಬರು ಮದುವೆಯ ಮೆರವಣಿಗೆಯ ವೇಗದಲ್ಲಿ ಹೊರಟರು. ಅವರ ಹಿಂದೆ ನರಸಿಂಗ, ಅವನ ಹಿಂದೆ ಗೋರಖನಾಥ, ಕೊನೆಗೆ ಮಕ್ಸೂದ, ಸಂತೆಗೆ ಹೊರಟ ಕುರಿಗಳ ಹಾಗೆ ಸಾಲುಗಟ್ಟಿದರು. ಎಷ್ಟು ನಿಧಾನವೆಂದರೆ ಹತ್ತೊಂಬತ್ತು ಹಲ್ಲು ಹಾಕಿಸಿದವರ ಎಂಜಿನ್ನು ಕೆಮ್ಮತೊಡಗಿತು. ಮೊದಲ ಸುತ್ತಿಗೆ ಮೂರು ನಿಮಿಷ ಹಿಡಿಯಿತು.

ಎರಡನೆಯ ಸುತ್ತಿನಲ್ಲಿ ಸಾಹೇಬರು ಮುಖ ಓರೆ ಮಾಡಿ ಪಿಚಕ್ಕೆಂದು ಉಗುಳಿದರು. ಗಾಳಿಗೆ ಹಾರಿ ಬಂದ ಕೆಂಪು ಎಂಜಲು ನರಸಿಂಗನ ಮೂಗು, ತುಟಿ, ಗಲ್ಲದ ಮೇಲೆ ಬೆಚ್ಚಗೆ ಅಂಟಿತು. ಅಡಿಕೆಯ ಚೂರೊಂದು ತುಟಿಯ ಸಂದಿನಲ್ಲಿ ಸಿಕ್ಕಿಕೊಂಡಿತು. ಅವನು ತೋಳಿನಿಂದ ಒರೆಸಿಕೊಂಡು, ಆದದ್ದಾಗಲಿ, ಈ ಸಲ ಬಿಡುವುದಿಲ್ಲ ಎಂದುಕೊಂಡ.

ಮೂರನೆಯ ಸುತ್ತಿನಲ್ಲಿ ಡ್ರಮ್ಮು ದಾಟಿದ ಕೂಡಲೇ ನರಸಿಂಗ ಎರಡನೇ ಗೇರಿಗೆ ಇಳಿಸಿ ಹ್ಯಾಂಡಲ್ಲಿನ ಕಿವಿ ಹಿಂಡಿದ. ಅಮೀರ ಪಾಶಾ ಹೇಳಿದ ಹಾಗೆಯೇ ಆಯಿತು. ಗಾಡಿ ನೆಗೆದು ಎದ್ದಿತು, ಮುಂದಿನ ಚಕ್ರ ಸಾಹೇಬರ ಮೊಣಕಾಲಿನ ನೇರಕ್ಕೆ ಬಂತು. ಹಾರ್ನ್ ಹೊಡೆದ. ಬಲಗಡೆ ನಾಲ್ಕು ಲಾರಿ ಅಕ್ಕಪಕ್ಕ ಹೋಗುವಷ್ಟು ಜಾಗ ಖಾಲಿ ಬಿದ್ದಿತ್ತು. ಸಾಹೇಬರು ಕತ್ತು ಹೊರಳಿಸಿ ನೋಡಿದರು. ಬೈಯಲಿಲ್ಲ, ಹುಬ್ಬು ಸಹ ಗಂಟಿಕ್ಕಲಿಲ್ಲ. ಇವನೇಕೆ ಇಲ್ಲಿದ್ದಾನೆ ಎಂಬ ಹಾಗೆ ಸುಮ್ಮನೆ ನೋಡಿದರು.

ನರಸಿಂಗನ ಕೈ ತಾನಾಗಿಯೇ ಕಿವಿಯನ್ನು ಬಿಟ್ಟಿತು. ಗಾಡಿ ಹಿಂದೆ ಸರಿದು ಸಾಲಿನಲ್ಲಿ ಸೇರಿಕೊಂಡಿತು. ಉಳಿದ ಎರಡು ಸುತ್ತು ಅವನು ಸಾಹೇಬರ ಕೋಟಿನ ಬೆನ್ನು ನೋಡುತ್ತಲೇ ಬಂದ.

ಎಲ್ಲರೂ ಇಳಿದು ನಿಂತ ಮೇಲೆ ಅಧಿಕಾರಿ ಗಡಿಯಾರ ಅಲ್ಲಾಡಿಸಿ ನೋಡಿದ. ಅದು ಸರಿಯಾಗಿಯೇ ಇತ್ತು. “ಒಬ್ಬರೂ ಪಾಸಾಗಿಲ್ಲ. ಬೇರೆ ಜಿಲ್ಲೆಯವರನ್ನೇ ಇಲ್ಲಿಗೆ ಹಾಕ್ತಾರೆ,” ಎಂದವನು ನರಸಿಂಗನ ಹತ್ತಿರ ಬಂದ. “ಮೂರನೇ ಸುತ್ತಿನಲ್ಲಿ ನಿಮ್ಮ ಗಾಡಿ ಚೆನ್ನಾಗಿ ಎದ್ದಿತ್ತಲ್ರೀ. ಯಾಕೆ ಬಿಟ್ರಿ? ಯಾರಾದ್ರೂ ಅಡ್ಡ ಬಂದಿದ್ರೆ ಹೇಳಿ. ನಿಮ್ಮೊಬ್ಬರನ್ನೇ ಇನ್ನೊಂದು ಸಲ ಓಡಿಸೋ ಅಧಿಕಾರ ನನಗಿದೆ.”

ಹೌದು ಎಂದರೆ ಸಾಕಿತ್ತು. ಮಗ್ಗುಲಲ್ಲಿ ಸಾಹೇಬರು ಹೊಸ ಪಾನು ಮಡಚುತ್ತಿದ್ದರು. ಅವರ ಹಿಂದೆ ಅಮೀರ ಪಾಶಾ, ಎಣ್ಣೆಬಟ್ಟೆ ಸುತ್ತಿದ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು, ಹೇಳು ಹೇಳು ಎಂದು ಕಣ್ಣಿನಲ್ಲೇ ಅನ್ನುತ್ತಿದ್ದ.

“ಯಾರೂ ಅಡ್ಡ ಬಂದಿಲ್ರಿ,” ಎಂದ ನರಸಿಂಗ. “ಚೈನ ಚಕ್ರ ಸರಿ ಇಲ್ರಿ. ಮೇಸ್ತ್ರಿ ಹಲ್ಲು ತಪ್ಪ ಹಾಕ್ಯಾನ. ಗಾಡಿ ಎಳೀಲಿಲ್ರಿ.”

“ಮೆಕ್ಯಾನಿಕ್ಕಿನ ತಪ್ಪಿಗೆ ಮರುಪರೀಕ್ಷೆ ಇಲ್ಲ,” ಎಂದು ಅಧಿಕಾರಿ ಪುಸ್ತಕ ಮುಚ್ಚಿದ.

“ಗಂಜಿನ ಮೇಸ್ತ್ರಿ ಕೈಗೆ ಸರ್ಕಾರಿ ಗಾಡಿ ಕೊಟ್ರ ಮತ್ತೇನ ಆಗ್ತದ್ರಿ?” ಎಂದರು ಸಾಹೇಬರು. ಗುಮಾಸ್ತರು ಹೊಟ್ಟೆ ಹಿಡಿದು ನಕ್ಕರು. ಗೋರಖನಾಥ, ಮಕ್ಸೂದರೂ ನಕ್ಕರು. ಆ ನಗೆಯಲ್ಲಿ ತನ್ನ ದನಿಯೂ ಸೇರಿದ್ದು ಕಿವಿಗೆ ಬಿದ್ದಾಗ ನರಸಿಂಗನಿಗೆ ತನ್ನ ಮೈಯೇ ಹೇಸಿಗೆಯಾಯಿತು. ಅಮೀರ ಪಾಶಾ ಪಾನಾವನ್ನು ಚೀಲಕ್ಕೆ ಹಾಕಿಕೊಂಡು ಊರಿನ ಕಡೆಗೆ ನಡೆದುಬಿಟ್ಟ.

ಊರಿನ ದಾರಿಯಲ್ಲಿ ಚಿದ್ರಿಯ ಹತ್ತಿರ ನರಸಿಂಗ ಹಿಂದಿನಿಂದ ಬಂದು ಅವನನ್ನು ಕೂಡಿಕೊಂಡ. ಗಾಡಿ ನಿಧಾನ ಮಾಡಿ, “ಹಿಂದ ಕೂಡು, ಗಂಜಿನ ತನಕ ಬಿಡ್ತೇನಿ,” ಎಂದ.

ಅಮೀರ ಪಾಶಾ ತಿರುಗಿ ನೋಡಿದ. ರಸ್ತೆ ಬಿಟ್ಟು ಕೆಳಗೆ, ಮುಳ್ಳುಕಂಟಿಯ ತನಕ ಇಳಿದು ನಿಂತ. ಬೊಬ್ಬೆ ಒಡೆದ ಕೈಯನ್ನು ಹಣೆಗೆ ತಂದು, ತಲೆ ಬಾಗಿಸಿ ಸಲಾಮು ಮಾಡಿದ.

“ನೀವು ಮುಂದ ಹೋಗ್ರಿ, ಸಾಹೇಬ,” ಎಂದ.

ನರಸಿಂಗ ಸ್ವಲ್ಪ ಹೊತ್ತು ಕಾದ. ಅಮೀರ ಪಾಶಾ ತಲೆ ಎತ್ತಲಿಲ್ಲ. ಕೊನೆಗೆ ನರಸಿಂಗ ಗೇರು ಹಾಕಿ, ಅವನನ್ನು ದಾಟಿ ಮುಂದೆ ಹೋದ.