ಸೀಳಿಗೆ ಮೆತ್ತಿದ ಮಣ್ಣು

ನಾನು ದಡ್ಡನಲ್ಲ. ದಡ್ಡನಾಗಿದ್ದರೆ ಇವತ್ತು ಇಷ್ಟು ಸಂಕಟ ಇರುತ್ತಿರಲಿಲ್ಲ. ಉದಗೀರದ ಬಜಾರಿನಲ್ಲಿ ಹಗೇವು ಮುಚ್ಚುವುದೆಂದರೆ ಜಗದೇವಪ್ಪನೇ ಮುಚ್ಚಬೇಕು ಎನ್ನುತ್ತಿದ್ದರು. ನೆಲದೊಳಗಿನ ಆ ಗುಂಡಿಗೆ ಜೋಳ ತುಂಬಿ, ಬಾಯಿಗೆ ಸೆಗಣಿ ಕಲಸಿದ ಮಣ್ಣು ನಾನು ಮೆತ್ತಿದೆನೆಂದರೆ ಮೂರು ಮಳೆಗಾಲ ಕಳೆದರೂ ಒಂದು ಕಾಳು ಮುಗ್ಗುತ್ತಿರಲಿಲ್ಲ. ಅದೇ ಸೊಕ್ಕು ನನ್ನನ್ನು ಹಾಳು ಮಾಡಿತು.

ನಾವು ಬೊಂಬಾಯಿ ರಾಜ್ಯಕ್ಕೆ ಸೇರಿದ ಮರುವರ್ಷ ನನ್ನ ದಾಲ್ ಮಿಲ್ಲಿಗೆ ಕರೆಂಟಿನ ಮೋಟಾರು ಬಂತು. ಅದನ್ನು ಶುರು ಮಾಡುವ ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿದವನು ಮಿಸ್ತ್ರಿ ನಾಗಣ್ಣ, ಗುಂಜೋಟಿಯವನು. ಪೆಟ್ಟಿಗೆಯ ತಳದಲ್ಲಿ ಸೀಳುಗಳಿದ್ದವು. ಮೊದಲ ಮಳೆಗೇ ಎರಚಲು ಬಡಿಯಿತು. ಸೀಳು ಮುಚ್ಚು ಎಂದೆ. ಒಳಗಿನ ಕಾವು ಹೋಗಲು ಅವೇ ದಾರಿ, ಮುಚ್ಚಬಾರದು, ಮೇಲೆ ತಗಡಿನ ಚಾವಣಿ ಇಳಿಸಿದರೆ ಸಾಕು, ಈ ವಾರದಲ್ಲಿ ತಗಡು ತರುತ್ತೇನೆ ಎಂದ. ನೀರು ತಡೆಯುವುದನ್ನು ಇವನು ನನಗೆ ಕಲಿಸುತ್ತಾನಾ ಅಂತ ತಲೆ ಕೆಟ್ಟಿತು. ಅವನು ಮನೆಗೆ ಹೋದ ಮೇಲೆ ಸೀಳುಗಳಿಗೆಲ್ಲ ಹಸಿ ಮಣ್ಣು ಗಟ್ಟಿಯಾಗಿ ಮೆತ್ತಿದೆ. ತಳದಲ್ಲಿದ್ದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ದಿನ ಮಿಲ್ಲು ಜೋರಾಗಿ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ನಾಗಣ್ಣ ಕೈ ತೊಳೆದು, ಹೆಗಲ ಮೇಲಿನ ವಸ್ತ್ರದಿಂದ ಚೆನ್ನಾಗಿ ಒರೆಸಿಕೊಂಡು, ಪೆಟ್ಟಿಗೆಯ ಹಿಡಿಕೆ ಹಿಡಿದ. ಹಿಡಿದವನಿಗೆ ಬಿಡಲಾಗಲಿಲ್ಲ. ನಾನು ಕಟ್ಟಿಗೆಯಿಂದ ಹೊಡೆದು ಬಿಡಿಸುವಷ್ಟರಲ್ಲಿ ಬಲಗೈ ಸುಟ್ಟುಹೋಗಿತ್ತು.

ಅವನನ್ನು ಗಾಡಿಯಲ್ಲಿ ದವಾಖಾನೆಗೆ ಒಯ್ದರು. ನಾನು ಹಿಂದೆ ಉಳಿದು, ಕರೆಂಟು ಆರಿಸಿ, ಪೆಟ್ಟಿಗೆ ತೆಗೆದೆ. ಬೇಳೆ ಕುದಿಯುವ ಗಡಿಗೆಯ ಮುಚ್ಚಳದ ಹಾಗೆ ಒಳಗೆಲ್ಲ ನೀರಿನ ಹನಿ. ನನ್ನ ಹಸಿ ಮಣ್ಣಿನ ಪಸೆಯೇ ಒಳಗಿನ ಕಾವಿಗೆ ಬೆವತು, ಹೊರಗೆ ದಾರಿ ಸಿಗದೆ ಕೂತು, ಕರೆಂಟನ್ನು ಹಿಡಿಕೆಗೆ ಹರಿಸಿತ್ತು. ಮುಚ್ಚಿದ ಹಗೇವಿನ ಬಾಯಿ ತೆಗೆದು ಒಂದು ದಿನ ಕಾವು ಹೋಗಲು ಬಿಡದೆ ನಾನು ಯಾರನ್ನೂ ಒಳಗೆ ಇಳಿಸಿದವನಲ್ಲ. ಗೊತ್ತಿತ್ತು ನನಗೆ, ಗೊತ್ತಿದ್ದೂ ಮಾಡಿದೆ! ಮಣ್ಣನ್ನು ಕೆರೆದು ಹಳ್ಳಕ್ಕೆ ಚೆಲ್ಲಿದೆ. ಕೇಳಿದವರಿಗೆಲ್ಲ ನಾಗಣ್ಣ ಒದ್ದೆ ಕೈಯಿಂದ ಮುಟ್ಟಿದ ಎಂದೆ. ಉಮರ್ಗಾ, ನಿಲಂಗಾದ ಮಿಲ್ಲುಗಳವರೂ ಒದ್ದೆ ಕೈಯ ಮಿಸ್ತ್ರಿ ಎಂದು ನಗತೊಡಗಿದರು.

ಶ್ರಾವಣದಲ್ಲಿ ನಾಗಣ್ಣ ಬಂದ. ಬಲಗೈಯನ್ನು ಮಣಿಕಟ್ಟಿನ ತನಕ ತೆಗೆದಿದ್ದರು. ಕೂರೆಂದರೆ ಕೂರಲಿಲ್ಲ.

“ಸಾವ್ಕಾರ್ರ, ಕೈ ಹೋದದ್ದಕ್ಕ ನಾ ಅಳೂದಿಲ್ಲ. ಕೈ ಒರಸ್ಕೊಂಡಿದ್ದೆ ಅಂತ ನನಗ ನೆನಪದ. ಮಂದಿ ಇಲ್ಲ ಅಂತಾರ. ನೀವು ಬಾಜೂಕೇ ನಿಂತಿದ್ರಿ. ಖರೇ ಹೇಳ್ರಿ, ನನ್ನ ಕೈ ಹಸಿ ಇತ್ತೇನ್ರೀ?”

ಇಪ್ಪತ್ತು ವರ್ಷ ದುಡಿದವನ ಮರ್ಯಾದೆ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಬಾಗಿಲಲ್ಲಿ ಹಮಾಲರು ಕಿವಿಗೊಟ್ಟು ನಿಂತಿದ್ದರು.

“ಹಸಿ ಇತ್ತು, ನಾಗಣ್ಣ,” ಎಂದೆ.

ಅವನು ಮೊಂಡುಗೈಯನ್ನು ಹೆಗಲ ವಸ್ತ್ರದೊಳಗೆ ಸರಿಸಿಕೊಂಡ.

“ಹಂಗಾದ್ರ ತಪ್ಪು ನಂದೇ. ಪೆಟಗಿಗಿ ನೀವೇ ಏನರ ಮಾಡೀರಿ ಅಂತ ಮನಸಿನ್ಯಾಗ ಸಂಶೆ ಹಿಡದಿದ್ದೆ. ಮಾಫ್ ಮಾಡ್ರಿ,” ಎಂದವನು ಬಗ್ಗಿ, ಉಳಿದ ಎಡಗೈಯಿಂದ ನನ್ನ ಕಾಲು ಮುಟ್ಟಿದ.