ಕೆಂಪು ಗೆರೆಯ ಕೆಳಗೆ

ಫುಟ್ಬಾಲ್ ಪಂದ್ಯ ಶುರುವಾಗುವ ಮುನ್ನ ಪ್ರತಿ ಆಟಗಾರನೂ ಒಂದು ಮಗುವಿನ ಕೈ ಹಿಡಿದು ಮೈದಾನಕ್ಕೆ ಬರುತ್ತಾನೆ. ರಾಷ್ಟ್ರಗೀತೆಯ ಹೊತ್ತಿಗೆ ಮಗು ಅವನ ಮುಂದೆ ನಿಲ್ಲುತ್ತದೆ. ಅದರ ತಲೆ ಅವನ ಎದೆಯ ಲಾಂಛನವನ್ನು ಮುಚ್ಚಬಾರದು. ಅದಕ್ಕೇ ಪಂದ್ಯಾವಳಿ ಸಮಿತಿಯ ಕಚೇರಿಯಲ್ಲಿ ಬಾಗಿಲ ಚೌಕಟ್ಟಿನ ಮೇಲೊಂದು ಕೆಂಪು ಗೆರೆ ಇತ್ತು. ಎಳೆದವಳು ಮಕ್ಕಳ ವಿಭಾಗದ ಗುಮಾಸ್ತೆ. "ನಿಮ್ಮ ಹುಡುಗ ಉದ್ದ ಆದ" ಎಂದು ಎಷ್ಟೋ ತಾಯಂದಿರನ್ನು ವಾಪಸು ಕಳಿಸಿದವಳೂ ಅವಳೇ. ಬೇಸರವೇನೂ ಆಗಿರಲಿಲ್ಲ. ಗೆರೆ ಅಂದರೆ ಗೆರೆ.

ಅವಳ ಮಗಳು ಪುಟ್ಟಿ ಗೆರೆಗಿಂತ ಎರಡು ಬೆರಳು ಕೆಳಗಿದ್ದಳು. ಆಯ್ಕೆಯಾದಳು.

ಪುಟ್ಟಿಯ ಅಪ್ಪ ಇಬ್ಬರನ್ನೂ ಬಿಟ್ಟು ಇನ್ನೊಬ್ಬಳ ಜೊತೆ ಬೇರೆ ಊರಿನಲ್ಲಿದ್ದ. ಫುಟ್ಬಾಲ್ ಹುಚ್ಚ. ಹೆಂಡತಿಗೆ ಹೆರಿಗೆ ನೋವು ಬಂದಾಗಲೂ ಟಿವಿ ಮುಂದಿನಿಂದ ಏಳದವನು ಉದ್ಘಾಟನಾ ಪಂದ್ಯ ತಪ್ಪಿಸುವವನಲ್ಲ. ತಾನು ಬಿಟ್ಟುಹೋದದ್ದನ್ನು ಅವನು ಪರದೆಯ ತುಂಬ ನೋಡಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಕ್ರೀಡಾಂಗಣದ ಚಾವಣಿ ಸಮಯಕ್ಕೆ ಮುಗಿಯಲಿಲ್ಲ. ಪಂದ್ಯಾವಳಿ ಆರು ತಿಂಗಳು ಮುಂದೆ ಹೋಯಿತು. ಮಗು ಅಷ್ಟು ದಿನ ಬೆಳೆಯದೆ ಕಾಯುತ್ತದೆಯೇ?

ಮೊದಲು ಹಾಲು ನಿಂತಿತು. ಆಮೇಲೆ ಮೊಟ್ಟೆ. ರಾತ್ರಿಯ ಊಟ ಅರ್ಧಕ್ಕಿಳಿಯಿತು.

"ಅಮ್ಮಾ, ಇನ್ನೂ ಹಸಿವು."

"ಕೈ ಹಿಡ್ಕೊಂಡು ಹೋಗ್ಬೇಕೋ ಬೇಡ್ವೋ?"

"ಹೋಗ್ಬೇಕು."

"ಮತ್ತೆ? ನೀರು ಕುಡಿದು ಮಲ್ಕೋ."

ಒಮ್ಮೆ ಮನೆಗೆ ಬಂದ ಗುಮಾಸ್ತೆಯ ಅಕ್ಕ ಪುಟ್ಟಿಯ ತೋಳು ಮುಟ್ಟಿ ನೋಡಿದಳು. "ಏನೇ ಇದು, ಕಡ್ಡಿ ಆಗಿದಾಳೆ. ಒಲೆ ಹಚ್ತೀಯೋ ಇಲ್ವೋ?"

"ಅವರಪ್ಪನ ಮೈಕಟ್ಟು ಕಣೇ."

"ಅವನದಾ? ಅವನು ಬಾಗಿಲಲ್ಲಿ ಅಡ್ಡ ತಿರುಗಿ ಬರ್ತಿದ್ದ."

ಇಬ್ಬರೂ ನಕ್ಕರು. ಅಕ್ಕ ತಂದ ಬಿಸ್ಕತ್ ಪೊಟ್ಟಣವನ್ನೇ ನೋಡುತ್ತ ಪುಟ್ಟಿಯೂ ನಕ್ಕಳು. ಅಕ್ಕ ಹೋದ ಮೇಲೆ ಪೊಟ್ಟಣ ಬೀರುವಿನ ಮೇಲೇರಿತು.

ಉದ್ಘಾಟನೆಯ ಹಿಂದಿನ ದಿನ ಕೊನೆಯ ಅಳತೆ. ಪುಟ್ಟಿ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. ತಲೆ ಗೆರೆಗೆ ತಾಗಿತು, ದಾಟಲಿಲ್ಲ. ಗುಮಾಸ್ತೆ ಉಸಿರು ಬಿಟ್ಟಳು.

ನೇರಪ್ರಸಾರದ ನಿರ್ದೇಶಕ ಬಂದು, ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ, ಪುಟ್ಟಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ.

"ಈ ಮಗು ಬೇಡ. ಕಣ್ಣು ಎಲ್ಲಿಗೆ ಹೋಗಿದೆ ನೋಡಿ. ನಾವು ಮಕ್ಕಳಿಗೆ ಊಟ ಹಾಕಲ್ಲ ಅಂದ್ಕೋತಾರೆ ಜನ."

"ಅಳತೆ ಸರಿಯಾಗಿದೆ, ಸರ್."

"ಸಮಿತಿ ಅಧ್ಯಕ್ಷರ ಮೊಮ್ಮಗಳು ಇದಾಳಲ್ಲ, ಗುಂಡುಗುಂಡಗೆ. ಅವಳನ್ನ ನಿಲ್ಸಿ."

"ಅವಳು ಗೆರೆ ದಾಟ್ತಾಳೆ, ಸರ್."

"ಈ ಗೆರೆ ಎಳೆದಿದ್ದು ಯಾರು?"

"ನಾನೇ."

"ಹಾಗಾದ್ರೆ ಸ್ವಲ್ಪ ಮೇಲೆ ಎಳೀರಿ."

ಎಳೆದಳು.

ಮರುದಿನ ಮನೆಯಲ್ಲಿ ಟಿವಿ ಹಚ್ಚಿ, ದೊಡ್ಡ ಲೋಟದ ತುಂಬ ಹಾಲು ಕಾಯಿಸಿ ತಂದಳು. ಪರದೆಯ ಮೇಲೆ ಅಧ್ಯಕ್ಷರ ಮೊಮ್ಮಗಳು ನಾಯಕನ ಲಾಂಛನಕ್ಕೆ ಅಡ್ಡ ನಿಂತು ಕೈ ಬೀಸುತ್ತಿದ್ದಳು. ಬೇರೆ ಊರಿನಲ್ಲಿ ಪುಟ್ಟಿಯ ಅಪ್ಪನೂ ಅವಳನ್ನೇ ನೋಡುತ್ತಿರಬೇಕು.

"ಕುಡಿ."

ಪುಟ್ಟಿ ಲೋಟ ದೂಡಿದಳು. "ಬೇಡಮ್ಮ. ಉದ್ದ ಆಗ್ಬಿಡ್ತೀನಿ. ಮುಂದಿನ ಸಲ ತಗೊಳಲ್ಲ."

"ಮುಂದಿನ ಸಲ ಇಲ್ಲ. ಕುಡಿ."

ಮಗು ತುಟಿ ಬಿಗಿದುಕೊಂಡಿತು. ತಾಯಿ ಅದರ ಮೂಗು ಹಿಡಿದಳು. ಉಸಿರಿಗೆಂದು ಬಾಯಿ ತೆರೆದಾಗ ಹಾಲು ಸುರಿದಳು. ಟಿವಿಯಲ್ಲಿ ರಾಷ್ಟ್ರಗೀತೆ ಇನ್ನೂ ಮುಗಿದಿರಲಿಲ್ಲ.