ಗೋಡೆ ಮೇಲಿನ ಸೆರಗು

ಕಾವ್ಯಾಳಿಗೆ ನಾರಿನ ಕುಂಚ ಹಿಡಿದು ಚಿತ್ತಾರ ಬರೆಯಲು ಕಲಿಸಿದ್ದೇ ಮಂಜುಶ್ರೀ. ಸಾಗರದ ಸೀರೆ ಕಂಪನಿಯವರಿಗೆ ವಿನ್ಯಾಸ ಮಾಡುವವರು ಬೇಕಾದಾಗ ಓರಗಿತ್ತಿಯರಿಬ್ಬರೂ ಹೋದರು. ಕೆಲಸ ಸಿಕ್ಕಿದ್ದು ಕಿರಿಯವಳಾದ ಕಾವ್ಯಾಳಿಗೆ. ಮನೆಯಿಂದಲೇ ಮಾಡುವ ಕೆಲಸ. ರಿಪ್ಪನ್‌ಪೇಟೆಯ ಮನೆಗೆ ಲ್ಯಾಪ್‌ಟಾಪ್ ಬಂತು, ಕಾವ್ಯಾ ತೊಳೆಯುತ್ತಿದ್ದ ಪಾತ್ರೆಗಳು ಮಂಜುಶ್ರೀಯ ಪಾಲಿಗೆ ಬಂದವು.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಮಂಜುಶ್ರೀ ಕೋಣೆಗೆ ಕಾಲಿಟ್ಟರೆ ಸಾಕು, ಕಾವ್ಯಾ ಲ್ಯಾಪ್‌ಟಾಪ್ ಮಡಚುತ್ತಿದ್ದಳು.

"ಬೇಜಾರು ಮಾಡ್ಕಬ್ಯಾಡ ಅಕ್ಕಾ. ಸೀರೆ ಅಂಗಡಿಗೆ ಬರೋತನಕ ಮನೆಯವ್ರಿಗೂ ತೋರಿಸ್ಬಾರ್ದು ಅಂತ ಸಹಿ ಹಾಕಿಸ್ಕಂಡಾರೆ."

"ನಾನೆಂತ ಅದನ್ನ ಹೊತ್ಕಂಡು ಹೋಗ್ತೀನಾ?"

ಒಂದು ದಿನ ಬಟ್ಟೆ ಹರವುವ ನೆಪದಲ್ಲಿ ಮಂಜುಶ್ರೀ ಕಿಟಕಿಯಿಂದ ಇಣುಕಿದಳು. ಪರದೆಯ ಮೇಲೆ ಒಂದು ಸೆರಗು, ಎರಡು ಗಿಳಿ, ನಡುವೆ ಭತ್ತದ ತೆನೆಗಳನ್ನೇ ಹೆಣೆದ ಚೌಕ. ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವತ್ತು ಊಟವೇ ಸೇರಲಿಲ್ಲ.

ತೀರ್ಥಹಳ್ಳಿಯ ಹತ್ತಿರ ನೆಂಟರಾದ ಜಲಜಮ್ಮನ ಮಗಳ ಮದುವೆ. ಹಿಂದಿನ ದಿನವೇ ಇಬ್ಬರೂ ಗೋಡೆಗೆ ಚಿತ್ತಾರ ಬರೆಯಲು ಹೋದರು. ಮದುವೆ ಮನೆಯಲ್ಲಿ ಯಾರ ಕೈಗೆ ಏನು ಬರುತ್ತದೋ ಅದನ್ನು ಬರೆಯುವುದು. ಇದು ಯಾರದ್ದು ಎಂದು ಕೇಳುವ ಪದ್ಧತಿಯಿಲ್ಲ. ಮಂಜುಶ್ರೀ ಇನ್ನೊಂದು ಬಟ್ಟಲು ಅಕ್ಕಿಹಿಟ್ಟು ಕಲಸಿಕೊಂಡು ಬರುವಷ್ಟರಲ್ಲಿ ಕಾವ್ಯಾಳ ಕೆಮ್ಮಣ್ಣಿನ ಗೋಡೆಯ ಮೇಲೆ ಅದೇ ಗಿಳಿ, ಅದೇ ತೆನೆ.

"ಎಂತ ಕೈ ಮಾರಾಯ್ತಿ ಇದ್ರದ್ದು!" ಎಂದಳು ಜಲಜಮ್ಮ.

ಮಂಜುಶ್ರೀ ಸದ್ದಿಲ್ಲದೆ ಫೋಟೋ ತೆಗೆದಳು. ಕಂಪನಿಯ ವಿನಯಾ ಮೇಡಂ ನಂಬರ್ ಫೋನಿನಲ್ಲಿತ್ತು. ಕಳಿಸಿದರೆ ಕಾವ್ಯಾಳ ಕೆಲಸ ಹೋದಂತೆಯೇ. ಕಳಿಸುವ ಮೊದಲು ಅವಳ ಮುಖ ನೋಡಬೇಕೆನಿಸಿತು.

"ಇದು ಕಂಪನಿ ಸೆರಗು ಅಲ್ದೇನೆ?" ಕಿವಿಯಲ್ಲಿ ಪಿಸುಗುಟ್ಟಿದಳು.

ಕಾವ್ಯಾ ಆಗಷ್ಟೇ ಎಚ್ಚರಾದವಳಂತೆ ಗೋಡೆ ನೋಡಿದಳು. "ಅಯ್ಯೋ, ಕೈಗೆ ಬಂತು, ಬರ್ದುಬಿಟ್ಟೆ!" ಮುಖ ಬಿಳಿಚಿಕೊಂಡಿತು. ಆಮೇಲೆ ಮೆಲ್ಲಗೆ ತಿರುಗಿದಳು. "ನಿಂಗೆ ಹ್ಯಾಂಗೆ ಗೊತ್ತಾತು ಅಕ್ಕಾ?"

ಮಂಜುಶ್ರೀಯ ಕಿವಿ ಬಿಸಿಯಾಯಿತು. ಅಂಗಳದಲ್ಲಿ ಫೋಟೋ ತೆಗೆಯುವ ವಿನೋದನ ದನಿ ಕೇಳಿತು. ಇನ್ನರ್ಧ ಗಂಟೆಯಲ್ಲಿ ಈ ಗೋಡೆ ಊರವರ ಫೋನಿನಲ್ಲೆಲ್ಲ ಇರುತ್ತದೆ.

"ಕೆಮ್ಮಣ್ಣು ತಗಂಬಾ," ಎಂದಳು ಮಂಜುಶ್ರೀ.

ಗಿಳಿಗಳ ಮೇಲೆ ಮಣ್ಣು ಬಳಿದು, ಆರುವ ತನಕ ಬೀಸಣಿಗೆ ಬೀಸಿ, ಮಂಜುಶ್ರೀ ತನ್ನ ಹಳೆಯ ಏಣಿಸಾಲಿನ ಚಿತ್ತಾರವನ್ನೇ ಬರೆದಳು. ಕಾವ್ಯಾ ಹಿಟ್ಟಿನ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಯಾಕ್ರೇ ಅಳಿಸಿದ್ರಿ? ಮೊದ್ಲು ಬರ್ದಿದ್ದೇ ಚೆಂದಿತ್ತಪ್ಪ," ಎಂದು ಜಲಜಮ್ಮ ಹೇಳಿ ಹೋದಳು.

ಮದುವೆ ಮುಗಿಸಿ ಮರಳುವ ಬಸ್ಸಿನಲ್ಲಿ ಕಾವ್ಯಾ ಅವಳ ಹೆಗಲಿಗೊರಗಿ ನಿದ್ದೆ ಹೋದಳು. ಮಂಜುಶ್ರೀ ಫೋನ್ ತೆಗೆದಳು. ಫೋಟೋ ಅಳಿಸುವ ಮುನ್ನ ಇನ್ನೊಮ್ಮೆ ಹಿಗ್ಗಿಸಿ ನೋಡಿದಳು. ಒಂದಾದರೂ ಗೆರೆ ಸೊಟ್ಟಗಿದೆಯೇ ಎಂದು ಹುಡುಕಿದಳು. ಇರಲಿಲ್ಲ. ಅಳಿಸಿದಳು.